ಹೊಲಿಗೆ ಬಿಚ್ಚಿದ ಮೇಲಿನ ಲೆಕ್ಕ

ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತೇ ಇಲ್ಲವೇ ಎಂಬುದು ಆಪರೇಷನ್ ಥಿಯೇಟರಿನಲ್ಲಿ ಗೊತ್ತಾಗುವುದಿಲ್ಲ. ರಕ್ತಸ್ರಾವ ನಿಂತಿರುತ್ತದೆ, ಹೊಲಿಗೆ ನೇರವಾಗಿರುತ್ತದೆ, ರೋಗಿಗೆ ಎಚ್ಚರವೂ ಬಂದಿರುತ್ತದೆ. ಆದರೆ ಕತ್ತರಿಸಿ ಜೋಡಿಸಿದ ಕರುಳು ಸೋರತೊಡಗುವುದು ಕೆಲವು ದಿನಗಳ ನಂತರ. ಗಾಯದಲ್ಲಿ ಕೀವು ತುಂಬುವುದು ಎಷ್ಟೋ ಸಲ ರೋಗಿ ಮನೆಗೆ ಹೋದ ಮೇಲೆ. ಬದಲಿಸಿದ ಮಂಡಿ ಮೆಟ್ಟಿಲು ಹತ್ತಲು ಬಿಡುತ್ತದೆಯೇ ಎಂದು ತಿಳಿಯಲು ತಿಂಗಳುಗಳು ಬೇಕು, ಅದು ಬಾಳುತ್ತದೆಯೇ ಎಂದು ತಿಳಿಯಲು ವರ್ಷಗಳು ಬೇಕು. ಆದ್ದರಿಂದ ಒಂದು ಆಸ್ಪತ್ರೆಯ ಶಸ್ತ್ರಚಿಕಿತ್ಸೆ ಎಂಥದು ಎಂದು ತೀರ್ಮಾನಿಸಬೇಕಾದರೆ ರೋಗಿಯ ಹಿಂದೆಯೇ ಹೋಗಬೇಕು: ಬದುಕಿದನೇ, ತೊಡಕಿಲ್ಲದೆ ಗುಣವಾದನೇ, ಯಾವುದಕ್ಕಾಗಿ ಕೊಯ್ಯಿಸಿಕೊಂಡನೋ ಅದು ಅವನಿಗೆ ಸಿಕ್ಕಿತೇ? ಕೇಳಲು ಸರಳವಾದ ಈ ಮೂರು ಪ್ರಶ್ನೆಗಳಿಗೆ ಪ್ರಾಮಾಣಿಕವಾದ ಉತ್ತರವನ್ನು ಅಂಕಿಗಳಲ್ಲಿ ಕೊಡುವುದು ಹೇಗೆಂದು ವೈದ್ಯಲೋಕ ನೂರೈವತ್ತು ವರ್ಷಗಳಿಂದ ಕಲಿಯುತ್ತಲೇ ಇದೆ.

ಬೈರೂತ್‌ನಲ್ಲಿ ಹುಟ್ಟಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದ ವೈದ್ಯ ಅವೆದಿಸ್ ಡೊನಬೀಡಿಯನ್ 1966ರಲ್ಲಿ ಬರೆದ ಲೇಖನವೊಂದು ಈ ವಿಷಯದ ಚೌಕಟ್ಟನ್ನು ಹಾಕಿಕೊಟ್ಟಿತು. ಚಿಕಿತ್ಸೆಯ ಗುಣಮಟ್ಟವನ್ನು ಮೂರು ಕಡೆ ನೋಡಬಹುದು ಎಂದರು ಅವರು. ಮೊದಲನೆಯದು ಸೌಕರ್ಯ, ಅಂದರೆ ಹಾಸಿಗೆ, ಯಂತ್ರ, ವೈದ್ಯರು, ದಾದಿಯರು. ಎರಡನೆಯದು ಕ್ರಮ, ಅಂದರೆ ಮಾಡಬೇಕಾದ್ದನ್ನು ಮಾಡಬೇಕಾದ ಹೊತ್ತಿನಲ್ಲಿ ಮಾಡಿದರೇ ಎಂಬುದು. ಮೂರನೆಯದು ಫಲಿತಾಂಶ. ಸೌಕರ್ಯವನ್ನು ಎಣಿಸುವುದು ಬಲು ಸುಲಭ, ಆದ್ದರಿಂದಲೇ ಆಸ್ಪತ್ರೆಗಳ ಜಾಹೀರಾತಿನಲ್ಲಿ ಕಾಣುವುದು ಅದೇ. ಚರ್ಮಕ್ಕೆ ಕತ್ತಿ ತಾಕುವ ಮೊದಲಿನ ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ಕೊಟ್ಟರೇ ಎಂಬಂಥ ಕ್ರಮದ ಪ್ರಶ್ನೆಗಳನ್ನೂ ಕೇಸ್ ಶೀಟ್ ನೋಡಿ ಉತ್ತರಿಸಬಹುದು. ಇವೆರಡೂ ಬೇಕು. ಆದರೆ ರೋಗಿ ಆಸ್ಪತ್ರೆಗೆ ಬಂದದ್ದು ಯಂತ್ರ ನೋಡಲಿಕ್ಕಲ್ಲ, ಗುಣವಾಗಲಿಕ್ಕೆ. ಯಂತ್ರವೂ ಕ್ರಮವೂ ಸರಿಯಾಗಿದ್ದು ಫಲಿತಾಂಶ ಕೆಟ್ಟಿದ್ದರೆ ಎಲ್ಲಿಯೋ ಏನೋ ತಪ್ಪಿದೆ ಎಂದು ತೋರಿಸಿಕೊಡುವುದು ಮೂರನೆಯ ಅಳತೆ ಮಾತ್ರ.

ಈ ಅಳತೆಗೆ ಮೊದಲು ಕೈ ಹಾಕಿದವರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಒಬ್ಬರು. ಕ್ರಿಮಿಯಾ ಯುದ್ಧದಿಂದ ಮರಳಿದ ಮೇಲೆ, ಎಲ್ಲ ಆಸ್ಪತ್ರೆಗಳೂ ಒಂದೇ ಬಗೆಯ ಅಂಕಿಅಂಶ ಇಡಬೇಕೆಂದು 1860ರಲ್ಲಿ ಲಂಡನ್ನಿನಲ್ಲಿ ನಡೆದ ಅಂತರರಾಷ್ಟ್ರೀಯ ಸಾಂಖ್ಯಿಕ ಸಮ್ಮೇಳನದ ಮುಂದೆ ಅವರು ಯೋಜನೆ ಇಟ್ಟರು. ಆದರೆ ಆಸ್ಪತ್ರೆಗಳ ಬಗ್ಗೆ ಅವರು ಬರೆದ ಪುಸ್ತಕದ 1863ರ ಆವೃತ್ತಿಯಲ್ಲಿ ಒಂದು ಕೋಷ್ಟಕವಿದೆ. ಲಂಡನ್ನಿನ 24 ಆಸ್ಪತ್ರೆಗಳಲ್ಲಿ ಸಾವಿನ ಪ್ರಮಾಣ ಶೇ 90.84 ಎಂದು ಅದು ಹೇಳುತ್ತದೆ! ಆ ಆಸ್ಪತ್ರೆಗಳಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಸಾಯುತ್ತಿದ್ದರೆಂದು ಯಾರಾದರೂ ಓದಿಕೊಂಡಾರು. ನಿಜವಾಗಿ ಅಲ್ಲಿ ಮೇಲಿನ ಸಂಖ್ಯೆ ಒಂದು ಇಡೀ ವರ್ಷದ ಸಾವುಗಳದ್ದು, ಕೆಳಗಿನ ಸಂಖ್ಯೆ 1861ರ ಏಪ್ರಿಲ್ ತಿಂಗಳ ಒಂದು ದಿನ ಹಾಸಿಗೆಯಲ್ಲಿದ್ದ ರೋಗಿಗಳದ್ದು. ವರ್ಷದಲ್ಲಿ ಒಂದೊಂದು ಹಾಸಿಗೆಯ ಮೇಲೂ ಎಷ್ಟೋ ಜನ ಮಲಗಿ ಎದ್ದು ಹೋಗಿರುತ್ತಾರೆ. ಅಷ್ಟೂ ಜನರನ್ನು ಛೇದಕ್ಕೆ ತಂದರೆ ಪ್ರಮಾಣ ಎಷ್ಟೋ ಪಟ್ಟು ಇಳಿಯುತ್ತದೆ. ಅಂದಿನ ವೈದ್ಯಕೀಯ ಪತ್ರಿಕೆಗಳು ಇದನ್ನು ಕಟುವಾಗಿ ಟೀಕಿಸಿದವು. ನೈಟಿಂಗೇಲ್ ಅವರ ಉದ್ದೇಶದ ಶುದ್ಧಿಯನ್ನು ಯಾರೂ ಶಂಕಿಸಬೇಕಾಗಿಲ್ಲ. ಆದರೂ ಎಷ್ಟು ಮಂದಿಯಲ್ಲಿ ಎಷ್ಟು ಎಂಬ ಪ್ರಶ್ನೆಗೆ ಸರಿಯಾದ ಛೇದ ಹಾಕದಿದ್ದರೆ ಉಳಿದ ಲೆಕ್ಕವೆಲ್ಲ ವ್ಯರ್ಥ ಎಂಬುದನ್ನು ಆ ಕೋಷ್ಟಕದಷ್ಟು ಚೆನ್ನಾಗಿ ಬೇರೆ ಯಾವುದೂ ಕಲಿಸುವುದಿಲ್ಲ.

ಪ್ರತಿಯೊಬ್ಬ ರೋಗಿಯನ್ನೂ ಕೊನೆಯವರೆಗೆ ಹಿಂಬಾಲಿಸಬೇಕು ಎಂದು ಹಟ ಹಿಡಿದವನು ಬಾಸ್ಟನ್ನಿನ ಶಸ್ತ್ರಚಿಕಿತ್ಸಕ ಅರ್ನೆಸ್ಟ್ ಏಮರಿ ಕಾಡ್ಮನ್. 1869ರಲ್ಲಿ ಹುಟ್ಟಿದ ಈತ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿದ್ದವನು. ವಿದ್ಯಾರ್ಥಿಯಾಗಿದ್ದಾಗಲೇ ಸಹಪಾಠಿ ಹಾರ್ವಿ ಕುಶಿಂಗ್ ಜೊತೆ ಸೇರಿ ಈಥರ್ ಅರಿವಳಿಕೆಯ ಹೊತ್ತಿನಲ್ಲಿ ರೋಗಿಯ ನಾಡಿಯನ್ನೂ ಉಸಿರನ್ನೂ ಗುರುತು ಹಾಕುವ ಪಟ್ಟಿಯನ್ನು ರೂಪಿಸಿದ್ದ. ಮುಂದೆ ಅವನು ಹೇಳಿದ್ದು ಇಷ್ಟೇ: ಆಸ್ಪತ್ರೆ ತಾನು ಚಿಕಿತ್ಸೆ ಕೊಟ್ಟ ಪ್ರತಿ ರೋಗಿಗೂ ಒಂದು ಕಾರ್ಡು ಇಡಬೇಕು. ಬಂದಾಗ ಏನಿತ್ತು, ಏನು ಮಾಡಿದೆವು, ಒಂದು ವರ್ಷದ ನಂತರ ಹೇಗಿದ್ದಾನೆ ಎಂದು ಅದರಲ್ಲಿ ಬರೆಯಬೇಕು. ಫಲ ಸಿಗದಿದ್ದರೆ ಯಾಕೆ ಸಿಗಲಿಲ್ಲ ಎಂದೂ ಬರೆಯಬೇಕು. ಅನಂತರ ಅದನ್ನು ಎಲ್ಲರ ಮುಂದೆ ಇಡಬೇಕು.

ಹಿರಿತನದ ಮೇಲೆ ಬಡ್ತಿ ಸಿಗುತ್ತಿದ್ದ ಆಸ್ಪತ್ರೆಯಲ್ಲಿ ಈ ಮಾತು ಯಾರಿಗೂ ಹಿಡಿಸಲಿಲ್ಲ. ಕಾಡ್ಮನ್ 1911ರಲ್ಲಿ ತನ್ನದೇ ಪುಟ್ಟ ಆಸ್ಪತ್ರೆ ತೆರೆದ. 1916ರವರೆಗೆ ಅಲ್ಲಿಂದ ಮನೆಗೆ ಹೋದ 337 ರೋಗಿಗಳ ವಿವರವನ್ನು ಅಚ್ಚು ಹಾಕಿಸಿದ. ಅವರ ಚಿಕಿತ್ಸೆಯಲ್ಲಿ ಆದ 123 ತಪ್ಪುಗಳನ್ನು ತಾನೇ ಎಣಿಸಿ, ಇದು ಕೌಶಲದ ಕೊರತೆ, ಇದು ವಿವೇಚನೆಯ ತಪ್ಪು, ಇದು ರೋಗ ಗುರುತಿಸುವುದರಲ್ಲಿ ಆದ ಎಡವಟ್ಟು, ಇದು ಆರೈಕೆಯದು ಎಂದು ವಿಂಗಡಿಸಿದ. ತಪ್ಪಿಗೆ ಹೆಸರಿಟ್ಟು ಗುಂಪು ಮಾಡುವ ಈ ಕೆಲಸವೇ ಅವನ ಅತಿ ದೊಡ್ಡ ಕಾಣಿಕೆ. ತಪ್ಪಾಯಿತು ಎಂದಷ್ಟೇ ಬರೆದಿದ್ದರೆ ಅದು ಪಶ್ಚಾತ್ತಾಪವಾಗಿ ಉಳಿಯುತ್ತಿತ್ತು. ಯಾವ ಬಗೆಯ ತಪ್ಪು ಎಂದು ಬರೆದದ್ದರಿಂದ ತಿದ್ದಿಕೊಳ್ಳುವ ದಾರಿ ಕಂಡಿತು.

1915ರ ಜನವರಿಯಲ್ಲಿ ಬಾಸ್ಟನ್ನಿನ ವೈದ್ಯರ ಸಭೆಯೊಂದರಲ್ಲಿ ಅವನು ದೊಡ್ಡದೊಂದು ವ್ಯಂಗ್ಯಚಿತ್ರ ಬಿಚ್ಚಿ ತೋರಿಸಿದ. ಮರಳಲ್ಲಿ ತಲೆ ಹುದುಗಿಸಿಕೊಂಡ ಉಷ್ಟ್ರಪಕ್ಷಿಯೊಂದು ಊರಿನ ವೈದ್ಯರಿಗೆ ಚಿನ್ನದ ಮೊಟ್ಟೆಗಳನ್ನು ಒದೆಯುತ್ತಿತ್ತು. ಫಲಿತಾಂಶ ಕೇಳದೆ ಹಣ ಕೊಡುವ ಜನರನ್ನೂ ಅದನ್ನು ಪಡೆಯುವ ವೈದ್ಯರನ್ನೂ ಚುಚ್ಚಿದ ಈ ಚಿತ್ರದಿಂದ ಗೆಳೆಯರು ದೂರವಾದರು, ಸಂಪಾದನೆ ಕುಸಿಯಿತು. ಅಮೆರಿಕದ ಶಸ್ತ್ರಚಿಕಿತ್ಸಕರ ಕಾಲೇಜು ಅವನ ವಿಚಾರದ ಒಂದು ಪಾಲನ್ನು ಎತ್ತಿಕೊಂಡು, ನೂರು ಅಥವಾ ಹೆಚ್ಚು ಹಾಸಿಗೆಗಳ 692 ಆಸ್ಪತ್ರೆಗಳನ್ನು ತಪಾಸಣೆ ಮಾಡಿಸಿತು. ಕನಿಷ್ಠ ಮಟ್ಟ ಮುಟ್ಟಿದ್ದು 89 ಮಾತ್ರ. ಹೆಸರಾಂತ ಆಸ್ಪತ್ರೆಗಳೇ ಸೋತಿದ್ದರಿಂದ, 1919ರಲ್ಲಿ ಆ ಪಟ್ಟಿ ಪತ್ರಿಕೆಯವರ ಕೈಗೆ ಸಿಗದಿರಲೆಂದು ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನ ಕುಲುಮೆಯಲ್ಲಿ ಅದನ್ನು ಸುಟ್ಟುಹಾಕಿದರು. ಕಾಡ್ಮನ್ 1940ರಲ್ಲಿ ತೀರಿಕೊಂಡ. ಅವನ ಸಮಾಧಿಗೆ ಹೆಸರಿನ ಕಲ್ಲು ಬಂದದ್ದು 2014ರಲ್ಲಿ.

ಏನನ್ನು ಎಣಿಸಬೇಕು ಎಂಬ ವಿಷಯದಲ್ಲಿ ಇಂದು ಬಹುಮಟ್ಟಿಗೆ ಒಮ್ಮತವಿದೆ. ಸಾವು ಮೊದಲನೆಯದು, ಏಕೆಂದರೆ ಅದರಲ್ಲಿ ಅನುಮಾನಕ್ಕೆ ಎಡೆಯಿಲ್ಲ. ಆದರೆ ಆಸ್ಪತ್ರೆಯೊಳಗಿನ ಸಾವನ್ನಷ್ಟೇ ಎಣಿಸಿದರೆ, ಕೈಮೀರಿದ ರೋಗಿಯನ್ನು ಮನೆಗೋ ಬೇರೆ ಆಸ್ಪತ್ರೆಗೋ ಸಾಗಹಾಕಿದವರ ಲೆಕ್ಕ ಹಗುರಾಗಿ ಕಾಣುತ್ತದೆ. ಆದ್ದರಿಂದ, ರೋಗಿ ಎಲ್ಲೇ ಇರಲಿ, ಶಸ್ತ್ರಚಿಕಿತ್ಸೆಯಾದ 30 ದಿನಗಳೊಳಗೆ ಆದದ್ದೆಲ್ಲ ಲೆಕ್ಕಕ್ಕೆ ಬರಬೇಕು ಎಂಬುದು ರೂಢಿಗೆ ಬಂದಿದೆ. ಎರಡನೆಯದು ತೊಡಕುಗಳು: ಗಾಯದ ಸೋಂಕು, ರಕ್ತಸ್ರಾವ, ನ್ಯುಮೋನಿಯಾ, ಕಾಲಿನ ರಕ್ತನಾಳದಲ್ಲಿ ಹೆಪ್ಪು, ಮತ್ತೆ ಥಿಯೇಟರಿಗೆ ಒಯ್ಯಬೇಕಾಗಿ ಬರುವುದು. ಇಲ್ಲಿ ಕಷ್ಟವಿದೆ. ಒಬ್ಬ ವೈದ್ಯರಿಗೆ ಸಣ್ಣ ಸೋಂಕು ಎನಿಸಿದ್ದು ಇನ್ನೊಬ್ಬರಿಗೆ ದೊಡ್ಡದು. ಇದಕ್ಕೆ ಪರಿಹಾರವಾಗಿ ಪಿಯರ್ ಕ್ಲಾವಿಯನ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿ 2004ರಲ್ಲಿ ತಿದ್ದಿದ ದರ್ಜೆಗಳ ಪಟ್ಟಿ ಜಾಣತನದ್ದು. ತೊಡಕು ಎಷ್ಟು ಕೆಟ್ಟದ್ದು ಎಂದು ಅದು ವೈದ್ಯರ ಅಭಿಪ್ರಾಯವನ್ನು ಕೇಳುವುದಿಲ್ಲ. ಅದನ್ನು ಸರಿಪಡಿಸಲು ಏನು ಮಾಡಬೇಕಾಯಿತು ಎಂದು ಕೇಳುತ್ತದೆ. ಔಷಧ ಅಥವಾ ರಕ್ತ ಕೊಟ್ಟು ಸರಿಹೋದರೆ ಎರಡನೆಯ ದರ್ಜೆ, ಮತ್ತೆ ಕೊಯ್ಯುವುದೋ ನಳಿಕೆ ಇಳಿಸುವುದೋ ಬೇಕಾದರೆ ಮೂರನೆಯದು, ಪ್ರಾಣಕ್ಕೇ ಸಂಚಕಾರ ಬಂದು ಐಸಿಯುಗೆ ಒಯ್ಯಬೇಕಾದರೆ ನಾಲ್ಕನೆಯದು, ಸಾವು ಐದನೆಯದು. ಐಸಿಯುಗೆ ಒಯ್ದದ್ದನ್ನು ದಾಖಲೆಯಲ್ಲಿ ಮರೆಮಾಚುವುದು ಕಷ್ಟ.

ಅಂಕಿಗಳು ಸಿಕ್ಕ ಮೇಲೆ ಹೋಲಿಕೆಯ ಪ್ರಶ್ನೆ ಬರುತ್ತದೆ, ಎಲ್ಲಕ್ಕಿಂತ ದೊಡ್ಡ ಮೋಸ ಅಲ್ಲಿಯೇ ಆಗುವುದು. ಎರಡು ಆಸ್ಪತ್ರೆಗಳನ್ನು ಕಲ್ಪಿಸಿಕೊಳ್ಳಬಹುದು, ಎರಡರಲ್ಲೂ ವರ್ಷಕ್ಕೆ ಸಾವಿರ ಶಸ್ತ್ರಚಿಕಿತ್ಸೆ. ಮೊದಲನೆಯದರಲ್ಲಿ 900 ರೋಗಿಗಳು ಗಟ್ಟಿಮುಟ್ಟಾದವರು, ಅವರಲ್ಲಿ 9 ಮಂದಿ ಸತ್ತರು. ಉಳಿದ 100 ಮಂದಿ ತೀರಾ ನಿತ್ರಾಣರು, ಅವರಲ್ಲಿ 10 ಮಂದಿ ಸತ್ತರು. ಒಟ್ಟು 19 ಸಾವು, ಶೇ 1.9. ಎರಡನೆಯದಕ್ಕೆ ಸುತ್ತಲಿನ ಊರುಗಳಿಂದ ಕಷ್ಟದ ರೋಗಿಗಳೇ ಬರುತ್ತಾರೆ. ಅಲ್ಲಿ 500 ಗಟ್ಟಿಯವರಲ್ಲಿ 4 ಮಂದಿ, 500 ನಿತ್ರಾಣರಲ್ಲಿ 40 ಮಂದಿ ಸತ್ತರು. ಒಟ್ಟು 44 ಸಾವು, ಶೇ 4.4. ಮೇಲುನೋಟಕ್ಕೆ ಎರಡನೆಯ ಆಸ್ಪತ್ರೆ ಎರಡು ಪಟ್ಟಿಗಿಂತಲೂ ಕೆಟ್ಟದ್ದು. ಬಿಡಿಸಿ ನೋಡಿದರೆ ಗಟ್ಟಿಯವರಲ್ಲೂ ನಿತ್ರಾಣರಲ್ಲೂ ಅದೇ ಮೇಲು. ಮೊದಲನೆಯ ಆಸ್ಪತ್ರೆಯ ದರದಲ್ಲಿಯೇ ಸತ್ತಿದ್ದರೆ ಎರಡನೆಯದರಲ್ಲಿ 55 ಮಂದಿ ಸಾಯಬೇಕಾಗಿತ್ತು, ಸತ್ತದ್ದು 44. ನಿಜವಾಗಿ ಆದದ್ದನ್ನು ನಿರೀಕ್ಷೆಯಿಂದ ಭಾಗಿಸಿದರೆ 0.8. ಈ ಸಂಖ್ಯೆ ಒಂದಕ್ಕಿಂತ ಕಡಿಮೆಯಿದ್ದರೆ ಆಸ್ಪತ್ರೆ ನಿರೀಕ್ಷೆಗಿಂತ ಚೆನ್ನಾಗಿದೆ, ಹೆಚ್ಚಿದ್ದರೆ ಹುಡುಕಬೇಕಾದ್ದು ಏನೋ ಇದೆ ಎಂದರ್ಥ.

ಈ ಲೆಕ್ಕವನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದ್ದು ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳು. ಅಲ್ಲಿ ಹೆಚ್ಚು ಜನ ಸಾಯುತ್ತಾರೆ ಎಂಬ ದೂರಿನ ಮೇಲೆ, ರಾಷ್ಟ್ರದ ಸರಾಸರಿಯೊಡನೆ ಹೋಲಿಸಿ ವರದಿ ಕೊಡಬೇಕೆಂದು ಅಮೆರಿಕದ ಸಂಸತ್ತು 1980ರ ದಶಕದ ನಡುವಿನಲ್ಲಿ ಕಾನೂನು ಮಾಡಿತು. ವಿಷಯವೇನೆಂದರೆ ಹೋಲಿಸಲು ರಾಷ್ಟ್ರದ ಸರಾಸರಿ ಎಂಬುದೇ ಇರಲಿಲ್ಲ. ಜೆರುಸಲೇಮಿನಲ್ಲಿ ಹುಟ್ಟಿದ ಹೃದಯ ಶಸ್ತ್ರಚಿಕಿತ್ಸಕ ಶುಕ್ರಿ ಖೂರಿ ಮುಂದಾಳಾಗಿ 1991ರಿಂದ 44 ಆಸ್ಪತ್ರೆಗಳಲ್ಲಿ ಅಧ್ಯಯನ ನಡೆಯಿತು. ತರಬೇತಿ ಪಡೆದ ದಾದಿಯರು ಪ್ರತಿ ರೋಗಿಯ ವಯಸ್ಸು, ರೋಗಗಳು, ರಕ್ತಪರೀಕ್ಷೆಗಳನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಬರೆದುಕೊಂಡು, 30ನೆಯ ದಿನದವರೆಗೆ ಏನಾಯಿತೆಂದು ಹುಡುಕಿ ದಾಖಲಿಸಿದರು. ಬರೆದವರು ದಾದಿಯರು, ಕೊಯ್ದವರಲ್ಲ ಎಂಬುದು ಮುಖ್ಯ. ತನ್ನ ಪರೀಕ್ಷೆಗೆ ತಾನೇ ಅಂಕ ಹಾಕಿಕೊಳ್ಳುವ ಅವಕಾಶ ಯಾರಿಗೂ ಇರಲಿಲ್ಲ.

ಸಿಕ್ಕ ಫಲ ಬೆರಗು ಹುಟ್ಟಿಸುವಂಥದು. ರೋಗಿಗಳ ಅಪಾಯವನ್ನು ಲೆಕ್ಕಕ್ಕೆ ತಂದ ಕೂಡಲೇ ಶೇ 93ರಷ್ಟು ಆಸ್ಪತ್ರೆಗಳ ಸ್ಥಾನ ಬದಲಾಯಿತು, ಕಾಲು ಭಾಗದಷ್ಟು ಆಸ್ಪತ್ರೆಗಳು ಹತ್ತಕ್ಕಿಂತ ಹೆಚ್ಚು ಸ್ಥಾನ ಮೇಲೋ ಕೆಳಗೋ ಸರಿದವು. ಸಾವನ್ನು ಮುಂಚಿತವಾಗಿ ಸೂಚಿಸುವ ಸಂಗತಿಗಳಲ್ಲಿ ಎಲ್ಲಕ್ಕಿಂತ ಬಲವಾಗಿ ನಿಂತದ್ದು ರಕ್ತದಲ್ಲಿನ ಆಲ್ಬುಮಿನ್ ಪ್ರೋಟೀನಿನ ಮಟ್ಟ, ಯಾವ ಲ್ಯಾಬಿನಲ್ಲೂ ಮಾಡಬಹುದಾದ ಅಗ್ಗದ ಪರೀಕ್ಷೆ. 1994ರಲ್ಲಿ ಈ ಕ್ರಮ ಆ ವ್ಯವಸ್ಥೆಯ ಎಲ್ಲ ಶಸ್ತ್ರಚಿಕಿತ್ಸಾ ಆಸ್ಪತ್ರೆಗಳಿಗೂ ಹರಡಿತು. ಸುಮಾರು ಒಂದು ದಶಕದಲ್ಲಿ 30 ದಿನಗಳ ಸಾವು ಶೇ 27ರಷ್ಟು, ತೊಡಕುಗಳು ಶೇ 45ರಷ್ಟು ಇಳಿದವು. ಇಳಿಕೆಯ ಅಷ್ಟನ್ನೂ ಎಣಿಕೆಯ ಖಾತೆಗೇ ಹಾಕುವುದು ಸರಿಯಲ್ಲ, ಅದೇ ಅವಧಿಯಲ್ಲಿ ಅರಿವಳಿಕೆಯೂ ಔಷಧಗಳೂ ಸುಧಾರಿಸಿದ್ದವು. ಆದರೂ ತಾವೆಲ್ಲಿದ್ದೇವೆ ಎಂದು ತಿಳಿದ ಆಸ್ಪತ್ರೆಗಳು ಸುಮ್ಮನೆ ಕೂರಲಿಲ್ಲ ಎಂಬುದಂತೂ ಖಚಿತ.

ಅಪಾಯವನ್ನು ಸರಿದೂಗಿಸಿದರೂ ಅದೃಷ್ಟ ಉಳಿಯುತ್ತದೆ. ನೂರಕ್ಕೆ ಇಬ್ಬರು ಸಾಯುವಂಥ ಶಸ್ತ್ರಚಿಕಿತ್ಸೆಯನ್ನು ವರ್ಷಕ್ಕೆ 50 ಬಾರಿ ಮಾಡುವ ಆಸ್ಪತ್ರೆಗಳು ಹಲವಿವೆ, ಎಲ್ಲವೂ ಒಂದೇ ಗುಣಮಟ್ಟದವು ಎಂದಿಟ್ಟುಕೊಂಡರೆ, ಸಂಭವದ ಗಣಿತದ ಪ್ರಕಾರ ಅವುಗಳಲ್ಲಿ ಸುಮಾರು ಶೇ 36ರಷ್ಟು ಆಸ್ಪತ್ರೆಗಳಲ್ಲಿ ಆ ವರ್ಷ ಒಬ್ಬರೂ ಸಾಯುವುದಿಲ್ಲ. ಸುಮಾರು ಶೇ 26ರಷ್ಟು ಆಸ್ಪತ್ರೆಗಳಲ್ಲಿ ಇಬ್ಬರು ಅಥವಾ ಹೆಚ್ಚು ಸಾಯುತ್ತಾರೆ, ಅಂದರೆ ಸರಾಸರಿಯ ಎರಡು ಪಟ್ಟು ಅಥವಾ ಮೇಲೆ. ಒಂದೇ ಕೈಗುಣದ ಆಸ್ಪತ್ರೆಗಳಲ್ಲಿ ಒಂದಕ್ಕೆ ಶೂನ್ಯ ಸಾವಿನ ಫಲಕ, ಇನ್ನೊಂದಕ್ಕೆ ಕೆಟ್ಟ ಹೆಸರು! ಹೀಗಾಗಿ ಅಪರೂಪದ ಶಸ್ತ್ರಚಿಕಿತ್ಸೆಗಳಲ್ಲಿ ಒಂದು ವರ್ಷದ ಸಾವಿನ ಸಂಖ್ಯೆಯಿಂದ ಆಸ್ಪತ್ರೆಯನ್ನಾಗಲಿ, ವೈದ್ಯರನ್ನಾಗಲಿ ತೂಗುವುದು ಅನ್ಯಾಯ. ಹಲವು ವರ್ಷಗಳ ಅಂಕಿಗಳನ್ನು ಕೂಡಿಸಬೇಕು, ಇಲ್ಲವೇ ಹೆಚ್ಚಾಗಿ ಕಾಣುವ ತೊಡಕುಗಳನ್ನು ನೋಡಬೇಕು.

ಕೆಲವು ಆಸ್ಪತ್ರೆಗಳಲ್ಲಿ ಹೆಚ್ಚು ಜನ ಯಾಕೆ ಸಾಯುತ್ತಾರೆ? ಅಲ್ಲಿ ತೊಡಕು ಹೆಚ್ಚು, ಅದಕ್ಕೇ ಸಾವು ಹೆಚ್ಚು ಎಂದು ಬಹುಕಾಲ ನಂಬಲಾಗಿತ್ತು. ಅಮೀರ್ ಘಫೇರಿ, ಜಾನ್ ಬರ್ಕ್‌ಮೈಯರ್ ಮತ್ತು ಜಸ್ಟಿನ್ ಡಿಮಿಕ್ 2009ರಲ್ಲಿ 84,730 ರೋಗಿಗಳ ದಾಖಲೆ ತೆಗೆದು ನೋಡಿದಾಗ ಆ ನಂಬಿಕೆ ಮುರಿದುಬಿತ್ತು. ಸಾವು ಅತಿ ಹೆಚ್ಚಿದ್ದ ಆಸ್ಪತ್ರೆಗಳ ಗುಂಪಿನಲ್ಲಿ ಸಾವಿನ ಪ್ರಮಾಣ ಶೇ 6.9, ಅತಿ ಕಡಿಮೆಯಿದ್ದ ಗುಂಪಿನಲ್ಲಿ ಶೇ 3.5. ತೊಡಕುಗಳ ಪ್ರಮಾಣ ಮಾತ್ರ ಕ್ರಮವಾಗಿ ಶೇ 24.6 ಮತ್ತು ಶೇ 26.9, ಎಂದರೆ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಿದ್ದದ್ದು ಅದರ ಮುಂದಿನ ಹೆಜ್ಜೆಯಲ್ಲಿ. ದೊಡ್ಡ ತೊಡಕಿಗೆ ಸಿಕ್ಕ ನೂರು ಮಂದಿಯಲ್ಲಿ ಮೊದಲ ಗುಂಪು 21ಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತು, ಎರಡನೆಯದು ಹನ್ನೆರಡು ಹದಿಮೂರು ಜನರನ್ನು.

ಇದರ ಅರ್ಥ ದೊಡ್ಡದು. ತೊಡಕು ಬರುವುದರಲ್ಲಿ ರೋಗಿಯ ದೇಹಸ್ಥಿತಿಯ ಪಾಲು ಬಹಳವಿದೆ. ಬಂದ ತೊಡಕನ್ನು ಹೊತ್ತಿಗೆ ಸರಿಯಾಗಿ ಕಂಡುಹಿಡಿದು ರೋಗಿಯನ್ನು ಉಳಿಸಿಕೊಳ್ಳುವುದರಲ್ಲಿ ಆಸ್ಪತ್ರೆಯ ಪಾಲು ಬಹಳವಿದೆ. ನಡುರಾತ್ರಿ ಎರಡು ಗಂಟೆಗೆ ರೋಗಿಯ ನಾಡಿ ಏರಿ ರಕ್ತದೊತ್ತಡ ಇಳಿದದ್ದನ್ನು ಒಬ್ಬ ನರ್ಸ್ ಗಮನಿಸಬೇಕು. ಅದಕ್ಕೆ ಅವರ ಕೈಯಲ್ಲಿ ನಲವತ್ತು ರೋಗಿಗಳಿರಬಾರದು. ಹಿರಿಯ ವೈದ್ಯರಿಗೆ ಫೋನ್ ಮಾಡಲು ಅವರು ಹೆದರಬಾರದು. ಫೋನ್ ಎತ್ತಿದವರು ಬರಬೇಕು, ಐಸಿಯುನಲ್ಲಿ ಹಾಸಿಗೆ ಇರಬೇಕು, ಬ್ಲಡ್ ಬ್ಯಾಂಕಿನಲ್ಲಿ ರಕ್ತ ಇರಬೇಕು. ಆಫ್ರಿಕಾದ 25 ದೇಶಗಳ 247 ಆಸ್ಪತ್ರೆಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನೇ ಹೇಳಿತು. ಅಲ್ಲಿನ ರೋಗಿಗಳು ಚಿಕ್ಕ ವಯಸ್ಸಿನವರು, ಅಪಾಯವೂ ಕಡಿಮೆ. ಆದರೂ ಸಾವು ಶೇ 2.1, ಜಾಗತಿಕ ಸರಾಸರಿಯ ಎರಡು ಪಟ್ಟು. ಸತ್ತವರಲ್ಲಿ ನೂರಕ್ಕೆ ಸುಮಾರು 94 ಮಂದಿ ಸತ್ತದ್ದು ಶಸ್ತ್ರಚಿಕಿತ್ಸೆಯ ದಿನವಲ್ಲ, ಅದರ ನಂತರದ ದಿನಗಳಲ್ಲಿ. ಹೆಸರಾಂತ ಸರ್ಜನ್ನರನ್ನು ಹುಡುಕುವ ಕುಟುಂಬಗಳು ರಾತ್ರಿಪಾಳಿಯ ವಾರ್ಡಿನ ಬಗ್ಗೆ ಕೇಳುವುದು ಅಪರೂಪ. ಈ ಅಧ್ಯಯನಗಳ ಪ್ರಕಾರ ಮೊದಲು ಕೇಳಬೇಕಾದ್ದು ಅದನ್ನೇ.

ಅಂಕಿಗಳನ್ನು ಹೊರಗೆ ಪ್ರಕಟಿಸಬೇಕೇ ಎಂಬುದು ಇನ್ನೂ ಬಗೆಹರಿಯದ ವಾದ. ನ್ಯೂಯಾರ್ಕ್ ರಾಜ್ಯ 1989ರಿಂದ ಬೈಪಾಸ್ ಶಸ್ತ್ರಚಿಕಿತ್ಸೆಯ ಮಾಹಿತಿ ಕಲೆಹಾಕಿ ಆಸ್ಪತ್ರೆವಾರು ಪ್ರಕಟಿಸತೊಡಗಿತು. ನ್ಯೂಸ್‌ಡೇ ಪತ್ರಿಕೆ ನ್ಯಾಯಾಲಯಕ್ಕೆ ಹೋಗಿ 1991ರಲ್ಲಿ ವೈದ್ಯವಾರು ಅಂಕಿಗಳನ್ನೂ ಪಡೆಯಿತು. 1989ರಿಂದ 1992ರೊಳಗೆ, ಅಪಾಯ ಸರಿದೂಗಿಸಿದ ಸಾವಿನ ಪ್ರಮಾಣ ಶೇ 4.17ರಿಂದ 2.45ಕ್ಕೆ ಇಳಿಯಿತು. ಇದು ದೊಡ್ಡ ಗೆಲುವು ಎಂದವರಿದ್ದರು. ಕಷ್ಟದ ರೋಗಿಗಳನ್ನು ವೈದ್ಯರು ಬೇರೆ ರಾಜ್ಯಗಳಿಗೆ ಕಳಿಸುತ್ತಿದ್ದಾರೆ ಎಂದವರೂ ಇದ್ದರು. ಇಂಥದೇ ವರದಿ ಹೊರಬರುತ್ತಿದ್ದ ಪೆನ್ಸಿಲ್ವೇನಿಯಾದಲ್ಲಿ 1996ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ, ತೀರಾ ಕಾಯಿಲೆಯಾದವರಿಗೆ ಶಸ್ತ್ರಚಿಕಿತ್ಸೆ ಮಾಡಲು ತಾವು ಹಿಂಜರಿಯುತ್ತಿದ್ದೇವೆ ಎಂದು ಶೇ 63ರಷ್ಟು ಹೃದಯ ಶಸ್ತ್ರಚಿಕಿತ್ಸಕರು ಒಪ್ಪಿಕೊಂಡರು.

ಮುಚ್ಚಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಬ್ರಿಸ್ಟಲ್ ಸಾಕ್ಷಿ. ಅಲ್ಲಿ ಮಕ್ಕಳ ಹೃದಯ ಶಸ್ತ್ರಚಿಕಿತ್ಸೆಯಲ್ಲಿ ಸಾವು ಹೆಚ್ಚಾಗಿದೆ ಎಂದು ಅರಿವಳಿಕೆ ತಜ್ಞ ಸ್ಟೀಫನ್ ಬಾಲ್ಸಿನ್ ಅಂಕಿಗಳನ್ನು ಕೂಡಿಸಿ ಹಿರಿಯರ ಗಮನಕ್ಕೆ ತಂದರೂ ವರ್ಷಗಟ್ಟಲೆ ಏನೂ ಬದಲಾಗಲಿಲ್ಲ. 2001ರಲ್ಲಿ ಬಂದ ಇಯಾನ್ ಕೆನೆಡಿ ವಿಚಾರಣಾ ವರದಿಯ ಪ್ರಕಾರ 1991ರಿಂದ 1995ರೊಳಗೆ, ಒಂದು ವರ್ಷಕ್ಕಿಂತ ಚಿಕ್ಕ ಮಕ್ಕಳಲ್ಲಿ ನಿರೀಕ್ಷೆಗಿಂತ 30ರಿಂದ 35 ಸಾವು ಹೆಚ್ಚಾಗಿತ್ತು. ಮಾಹಿತಿಗೆ ಅಲ್ಲಿ ಕೊರತೆಯಿರಲಿಲ್ಲ, ಅದನ್ನು ನೋಡಿ ಕ್ರಮ ಕೈಗೊಳ್ಳುವ ಹೊಣೆ ಯಾರದೆಂದು ಮಾತ್ರ ಗೊತ್ತಿರಲಿಲ್ಲ. ನ್ಯೂಯಾರ್ಕನ್ನೂ ಬ್ರಿಸ್ಟಲ್ಲನ್ನೂ ಒಟ್ಟಿಗೆ ಇಟ್ಟು ನೋಡಿದರೆ ಆಸ್ಪತ್ರೆಯ ಮಟ್ಟದ ಫಲಿತಾಂಶ ಬಹಿರಂಗವಾಗಿರಬೇಕು ಎನ್ನದೆ ವಿಧಿಯಿಲ್ಲ. ಒಬ್ಬೊಬ್ಬ ವೈದ್ಯರ ಅಂಕಿಗಳನ್ನು ಮೊದಲು ಸಹೋದ್ಯೋಗಿಗಳ ಪರಿಶೀಲನೆಗೆ ಬಿಡುವುದು ಲೇಸು.

ಸಾವು ತೀರಾ ಅಪರೂಪವಾದ ಶಸ್ತ್ರಚಿಕಿತ್ಸೆಗಳಲ್ಲಿ ರೋಗಿಯನ್ನೇ ಕೇಳಬೇಕು. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ 2009ರಿಂದ ಸೊಂಟದ ಕೀಲು, ಮಂಡಿ, ಹರ್ನಿಯಾ ಮತ್ತು ಕಾಲಿನ ಉಬ್ಬಿದ ರಕ್ತನಾಳದ ರೋಗಿಗಳಿಗೆ ಶಸ್ತ್ರಚಿಕಿತ್ಸೆಯ ಮೊದಲೂ ನಂತರವೂ ಒಂದೇ ಪ್ರಶ್ನಾವಳಿ ಕೊಟ್ಟಿತು: ನೋವು ಎಷ್ಟಿದೆ, ಸ್ನಾನ ಮಾಡಲು ಆಗುತ್ತದೆಯೇ, ಎಷ್ಟು ದೂರ ನಡೆಯಬಲ್ಲಿರಿ? ಸ್ವೀಡನ್ 1975ರಿಂದ ಮಂಡಿಗೆ, 1979ರಿಂದ ಸೊಂಟದ ಕೀಲಿಗೆ ರಾಷ್ಟ್ರೀಯ ನೋಂದಣಿ ಪುಸ್ತಕ ಇಟ್ಟಿದೆ. ಯಾವ ಕಂಪನಿಯ ಕೀಲು ಎಷ್ಟು ವರ್ಷ ಬಾಳಿತು ಎಂಬುದು ಅದರಿಂದ ತಿಳಿಯುತ್ತದೆ. ಕಣ್ಣಿನ ಪೊರೆ ತೆಗೆದ ಮೇಲೆ ದೃಷ್ಟಿಫಲಕದ ಎಷ್ಟನೆಯ ಸಾಲು ಓದಲು ಬಂತು ಎಂಬುದಂತೂ ಕೆಲವೇ ನಿಮಿಷಗಳಲ್ಲಿ ಅಳೆಯಬಹುದಾದ ಫಲಿತಾಂಶ.

ಕರ್ನಾಟಕದಲ್ಲಿ ಇಂಥ ವಿಚಾರಣೆ ಒಮ್ಮೆ ದೊಡ್ಡ ಮಟ್ಟದಲ್ಲಿ ನಡೆದಿದೆ. ಬಿಪಿಎಲ್ ಕುಟುಂಬಗಳಿಗೆ ಹೃದಯ, ಕ್ಯಾನ್ಸರ್ ಮೊದಲಾದ ದುಬಾರಿ ಚಿಕಿತ್ಸೆಯನ್ನು ಉಚಿತವಾಗಿ ಕೊಡುತ್ತಿದ್ದ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಉತ್ತರ ಕರ್ನಾಟಕದಲ್ಲಿ ಜಾರಿಗೆ ಬಂತು. ಯೋಜನೆ ಇದ್ದ ಮತ್ತು ಇಲ್ಲದ ಪ್ರದೇಶಗಳ ಗಡಿಯಲ್ಲಿನ 572 ಹಳ್ಳಿಗಳಲ್ಲಿ ನೀರಜ್ ಸೂದ್ ಮತ್ತು ಸಂಗಡಿಗರು ಮನೆಮನೆಗೆ ಹೋಗಿ ಮಾಹಿತಿ ತೆಗೆದರು. ಯೋಜನೆ ಇದ್ದ ಕಡೆ, ಅದರ ವ್ಯಾಪ್ತಿಯ ರೋಗಗಳಿಂದ ಬಡ ಕುಟುಂಬಗಳಲ್ಲಾದ ಸಾವು ಶೇ 64ರಷ್ಟು ಕಡಿಮೆಯಿತ್ತು ಎಂದು 2014ರಲ್ಲಿ ಅವರು ಬರೆದರು. 2016ರ ಇನ್ನೊಂದು ಲೇಖನದಲ್ಲಿ, ಆಸ್ಪತ್ರೆಯಿಂದ ಬಂದ ಮೇಲೆ ಸೋಂಕು ಆಯಿತೇ, ಮತ್ತೆ ದಾಖಲಾಗಬೇಕಾಯಿತೇ ಎಂದು ಕೇಳಿದ್ದರ ಫಲವಿದೆ. ಎರಡೂ ಯೋಜನೆ ಇದ್ದ ಕಡೆಯ ರೋಗಿಗಳಲ್ಲಿ ಕಡಿಮೆ. ಅಳೆದದ್ದು ವಿಮೆಯ ಪರಿಣಾಮವನ್ನೇ ಹೊರತು ಆಸ್ಪತ್ರೆಗಳನ್ನಲ್ಲ, ನಿಜ. ಆದರೆ ಹಳ್ಳಿಯ ರೋಗಿಗಳನ್ನು ಹಿಂಬಾಲಿಸುವುದು ಇಲ್ಲಿ ಆಗದ ಮಾತು ಎಂಬ ನೆಪಕ್ಕೆ ಅದು ಉತ್ತರ.

ಇಂದು ಆಯುಷ್ಮಾನ್ ಭಾರತ್ ಯೋಜನೆ ಡಿಸ್ಚಾರ್ಜ್ ಆದ ಮೇಲೂ 15 ದಿನಗಳ ವೆಚ್ಚವನ್ನು ಭರಿಸುತ್ತದೆ. ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆ 42ನೆಯ ದಿನದವರೆಗೆ ಹೋಗಿ ಮಗುವನ್ನು ನೋಡಿ ಬರುತ್ತಾರೆ. ಹಣ ಕೊಡುವ ಸರ್ಕಾರ, ಪ್ರತಿ ಶಸ್ತ್ರಚಿಕಿತ್ಸೆಯ 30ನೆಯ ದಿನ ರೋಗಿಯ ಮನೆಗೆ ಒಂದು ಫೋನ್ ಕರೆ ಮಾಡಿಸಬಹುದು. ಫೋನ್ ಇಲ್ಲದ ಕಡೆಗೆ ತಕ್ಕ ಗೌರವಧನ ಕೊಟ್ಟು ಆಶಾ ಕಾರ್ಯಕರ್ತೆಯರನ್ನು ಕಳಿಸಬಹುದು. ಬದುಕಿದ್ದಾರೆಯೇ, ಗಾಯದಲ್ಲಿ ಕೀವಾಯಿತೇ, ಮತ್ತೆ ಆಸ್ಪತ್ರೆಗೆ ಸೇರಬೇಕಾಯಿತೇ ಎಂದು ಕೇಳಿ ಬರೆಯಬೇಕು, ರೋಗಿಯ ಅಪಾಯದ ವಿವರದೊಡನೆ ಅದನ್ನು ಜೋಡಿಸಿ ಆಸ್ಪತ್ರೆಗೆ ವಾಪಸು ತಿಳಿಸಬೇಕು. ಭಾರತದಲ್ಲಿ ಆಸ್ಪತ್ರೆವಾರು ಶಸ್ತ್ರಚಿಕಿತ್ಸೆಯ ಫಲಿತಾಂಶವನ್ನು ಹೀಗೆ ಅಪಾಯ ಸರಿದೂಗಿಸಿ ಜನರ ಮುಂದಿಡುವ ರಾಷ್ಟ್ರೀಯ ವ್ಯವಸ್ಥೆ ಇಲ್ಲ. ಅದನ್ನು ಆರಂಭಿಸಲು ಹೊಸ ಯಂತ್ರವಾಗಲಿ ಹೊಸ ಕಟ್ಟಡವಾಗಲಿ ಬೇಕಿಲ್ಲ.